ಹರಿವಾಣದಲ್ಲಿಟ್ಟ ಫೋನುಗಳು

ಫೋನು ಕಳೆದುಕೊಂಡವರು ಮೊದಲು ಹೇಳುವುದು ಸುಳ್ಳು. ಇದನ್ನು ಯಾವ ಟ್ರೈನಿಂಗ್‌ನಲ್ಲೂ ನನಗೆ ಕಲಿಸಲಿಲ್ಲ, ಕೂತಲ್ಲಿ ಕೂತು ಕಲಿತೆ. "ಈಗಷ್ಟೇ ಕಾಣುತ್ತಿಲ್ಲ" ಎಂದು ಸೋಮವಾರ ಬೆಳಿಗ್ಗೆ ಕರೆ ಮಾಡಿದವರ ಫೋನು ಶುಕ್ರವಾರವೇ ಹೋಗಿರುತ್ತಿತ್ತು. "ಮನೆಯಲ್ಲೇ ಎಲ್ಲೋ ಇದೆ" ಎಂದವರು ಅದನ್ನು ಫೆರಿಯ ಬಾತ್‌ರೂಮಿನಲ್ಲಿ ಬಿಟ್ಟು ಬಂದಿರುತ್ತಿದ್ದರು. ಕೆಟ್ಟವರೆಂದಲ್ಲ. ಭಾನುವಾರ ತಪ್ಪದೆ ಚರ್ಚ್‌ಗೆ ಹೋಗುವವರು, ಟ್ಯಾಕ್ಸ್ ಸರಿಯಾಗಿ ಕಟ್ಟುವವರು. ನಾಚಿಕೆ, ಅಷ್ಟೇ. ಅವರು ನಾಚಿಕೊಂಡು ಸುಮ್ಮನಿದ್ದ ಹೊತ್ತಿನಲ್ಲಿ ಫೋನು ಯಾರ ಕೈಯಲ್ಲಿತ್ತು ಎಂಬುದು ನನ್ನ ತಲೆನೋವು. ಆದ್ದರಿಂದ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಮೊದಲ ಮಾತು ಇದು: "ಎಲ್ಲಿ ಕಳೆದಿರಿ?" ಎಂದು ಕೇಳಬೇಡಿ. "ಕೊನೆಗೆ ಅದರಲ್ಲಿ ಯಾರ ಜೊತೆ ಮಾತಾಡಿದಿರಿ?" ಎಂದು ಕೇಳಿ. ಅದಕ್ಕೆ ಸುಳ್ಳು ಹೇಳಲು ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ನನ್ನ ತಂಗಿಯ ಮಗಳು ಪಲ್ಲವಿ ಬೆಂಗಳೂರಿನಲ್ಲಿ ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ವಿಡಿಯೋ ಕಾಲ್‌ನಲ್ಲಿ ತನ್ನ ಸ್ಕ್ರೀನ್ ತೋರಿಸಿದಳು. ಸಾವಿರಾರು ಫೋನುಗಳು ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದವು.

"ದೊಡ್ಡಮ್ಮ, ಈಗ ಯಾರ ಫೋನ್ ಎಲ್ಲಿದೆ ಅಂತ ಇಲ್ಲೇ ಕಾಣತ್ತೆ. ಆಗ ನೀವು ಹೇಗೆ ತಿಳ್ಕೋತಿದ್ರಿ?"

"ಫೋನ್ ಮಾಡಿ ಕೇಳ್ತಿದ್ದೆ ಕಣೆ."

"ಕಳೆದುಹೋಗಿರೋ ಫೋನ್‌ಗೇನಾ?"

"ಮತ್ತೆ? ಎಷ್ಟೋ ಸಲ ಟ್ಯಾಕ್ಸಿ ಡ್ರೈವರ್ ಎತ್ತೋನು."

ಅವಳು ನಕ್ಕಳು. ಇದನ್ನೆಲ್ಲ ಬರೆದಿಡಿ ಎಂದಳು. ಬರೆಯುತ್ತಿದ್ದೇನೆ. ಅವಳು ನಗುವಂಥದ್ದು ಇದರಲ್ಲಿ ಎಷ್ಟಿದೆಯೋ ಗೊತ್ತಿಲ್ಲ.

ನಮ್ಮವರಿಗೆ ಸಿಯಾಟಲ್ ಪಕ್ಕದ ಓವರ್‌ಲೇಕ್‌ನಲ್ಲಿ ಕೆಲಸ. ಮಕ್ಕಳು ಕಾಲೇಜಿಗೆ ಹೋಗಿ ಮನೆ ಭಣಗುಟ್ಟತೊಡಗಿದಾಗ ನಾನು ಬೆಲ್ವ್ಯೂ ಡೌನ್‌ಟೌನ್‌ನ ಒಂದು ಕಂಪನಿಯ ಹೆಲ್ಪ್‌ಡೆಸ್ಕ್ ಸೇರಿದೆ. ಯಾವ ಲಾರಿ ಯಾವ ಗೋದಾಮಿಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಹೇಳುವ ಸಾಫ್ಟ್‌ವೇರ್ ಮಾಡುತ್ತಿದ್ದ ಕಂಪನಿ. ಕಾನ್ವೆಂಟ್ ಇಂಗ್ಲಿಷ್ ಇದ್ದುದರಿಂದ ಫೋನಿನಲ್ಲಿ ಮಾತಾಡುವ ಕೆಲಸ ಸುಲಭವಾಗಿ ಸಿಕ್ಕಿತು. ಅಲ್ಲಿಂದ ಮೊಬೈಲ್ ಸೆಕ್ಯುರಿಟಿಗೆ ಹೇಗೆ ಬಂದೆ, ಯಾವಾಗ ಏನು ಹುದ್ದೆ ಸಿಕ್ಕಿತು ಎಂಬುದೆಲ್ಲ ನನ್ನ ರೆಸ್ಯೂಮೆಗೂ ಈಗ ಬೇಡವಾಗಿದೆ. ಕೆಲಸ ಏನೆಂದರೆ, ಕಂಪನಿ ತನ್ನ ಜನಕ್ಕೆ ಕೊಟ್ಟ ಫೋನುಗಳನ್ನು ಕಾಯುವುದು. ಆಗಿನವು ಸಣ್ಣ ಸಣ್ಣ ಗುಂಡಿಗಳಿದ್ದ ಕಪ್ಪು ಹ್ಯಾಂಡ್‌ಸೆಟ್‌ಗಳು, ಸೊಂಟದ ಬೆಲ್ಟಿಗೆ ಸಿಕ್ಕಿಸುವ ಚರ್ಮದ ಚೀಲ. ಎಲ್ಲರದೂ ಒಂದೇ ಥರ. ಒಳಗೆ ಕಂಪನಿಯ ಮೇಲ್, ಗಿರಾಕಿಗಳ ಗುಟ್ಟು, ಕೆಲವರದರಲ್ಲಿ ಸರ್ವರ್‌ಗಳ ಬೀಗದ ಕೈಯಾದ ಪಾಸ್‌ವರ್ಡ್.

ಮೊದಲು ಅವಕ್ಕೆ ಪಿನ್ ಕೂಡ ಇರಲಿಲ್ಲ. ಪಿನ್ ಕಡ್ಡಾಯ ಮಾಡಿದ್ದು ನಾನು, ಬೈಸಿಕೊಂಡಿದ್ದೂ ನಾನು. ಜನ ಅದನ್ನು ಚೀಟಿಯಲ್ಲಿ ಬರೆದು ಬ್ಯಾಟರಿಯ ಮುಚ್ಚಳದ ಕೆಳಗೆ ಅಂಟಿಸಿದರು. ನಮ್ಮ ಕನ್ನಡದವರು ಅಷ್ಟು ಪೆದ್ದರಲ್ಲ, ಕಾರಿನ ನಂಬರನ್ನೇ ಪಿನ್ ಮಾಡಿಕೊಂಡರು. ಪಾರ್ಕಿಂಗ್ ಲಾಟ್‌ನಲ್ಲಿ ಒಂದು ಸುತ್ತು ಹಾಕಿದರೆ ಅರ್ಧ ಊರಿನ ಫೋನು ತೆರೆಯಬಹುದಿತ್ತು.

ಆಮೇಲೆ ತಂದದ್ದು ಇನ್ನೊಂದು ಕ್ರಮ. ಹತ್ತು ಸಲ ತಪ್ಪು ಪಿನ್ ಒತ್ತಿದರೆ ಫೋನು ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಅಳಿಸಿಕೊಳ್ಳುತ್ತದೆ. ಇದನ್ನು ನಾಲ್ಕಾರು ಫೋನುಗಳಲ್ಲಿ ಪರೀಕ್ಷಿಸಬೇಕಿತ್ತು. ನಾನು ತಪ್ಪಿ ಇಡೀ ಕಂಪನಿಗೆ ಕಳಿಸಿಬಿಟ್ಟೆ. ಮರುದಿನ ಸೇಲ್ಸ್‌ನ ಒಬ್ಬ ದೊಡ್ಡ ಮನುಷ್ಯ ನನ್ನ ಡೆಸ್ಕಿಗೆ ಬಂದು ಖಾಲಿ ಫೋನನ್ನು ಮೆಲ್ಲಗೆ ಇಟ್ಟ. "ನನ್ನ ಮೂರು ವರ್ಷದ ಮಗಳು ನಿಮ್ಮ ಸೆಕ್ಯುರಿಟಿಯನ್ನು ಪರೀಕ್ಷೆ ಮಾಡಿದಳು. ಅದು ಪಾಸಾಗಿದೆ" ಎಂದ. ಕಿರುಚಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ದೂರದಿಂದಲೇ ಫೋನು ಅಳಿಸುವ ರಿಮೋಟ್ ವೈಪ್ ಬಂದಾಗಲೂ ಹಾಗೇ. ಒಂದೇ ಹೆಸರಿನ ಇಬ್ಬರಿದ್ದರು. ಕಳೆದುಕೊಂಡವನದನ್ನು ಬಿಟ್ಟು ಇನ್ನೊಬ್ಬನದನ್ನು ಅಳಿಸಿದೆ. ಅವನು ಆಗ ಹೆಂಡತಿಯೊಂದಿಗೆ ಸ್ಕೀಯಿಂಗ್ ಹೋಗಿದ್ದ. ಅಲ್ಲಿ ತೆಗೆದ ಫೋಟೋಗಳೆಲ್ಲ ಕೈಯಲ್ಲೇ ಮಾಯವಾದವಂತೆ. "ಆರ್ ಯು ಶೂರ್?" ಎಂದು ಸ್ಕ್ರೀನ್ ಕೇಳುತ್ತದೆ. ಕೇಳಿದಾಗ ಗುಂಡಿಯಿಂದ ಕೈ ತೆಗೆಯಿರಿ, ಹೆಸರನ್ನು ಬಾಯಿಬಿಟ್ಟು ಓದಿ, ಮತ್ತೆ ಕೈ ಇಡಿ. ಇದು ಎರಡನೆಯ ಮಾತು.

ಇವಕ್ಕೆಲ್ಲ ನನ್ನನ್ನು ಕರೆದು ವಿಚಾರಿಸುತ್ತಿದ್ದವಳು ನನ್ನ ಮೇಲಧಿಕಾರಿ ಡಯೇನ್. ನನಗಿಂತ ಚಿಕ್ಕವಳು, ಸಿಯಾಟಲ್‌ನವಳೇ. ಮೀಟಿಂಗ್‌ನಲ್ಲಿ ಉಲ್ಲನ್ ಹೆಣೆಯುತ್ತ ಕೂರುವ ಹೆಂಗಸು. ಕಡ್ಡಿಗಳು ಆಡುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ನಿಂತರೆ ಯಾರಿಗೋ ಕಾದಿದೆ ಎಂದರ್ಥ. ನಾನು ತಪ್ಪು ಮಾಡಿದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಇದರಿಂದ ನಾವು ಏನನ್ನು ಬದಲಾಯಿಸಬೇಕು?" ಆಮೇಲೆ ಮತ್ತೆ ಹೆಣಿಗೆ. ಅಂಥವಳ ಎದುರು ಸುಳ್ಳು ಹೇಳುವ ಅಗತ್ಯ ಯಾರಿಗೂ ಬರಬಾರದು.

ಇನ್ನು ಶ್ರೀಧರ. ಹಾಸನದ ಹುಡುಗ, ಆಗ ಮೂವತ್ತರ ಆಸುಪಾಸು. ಹೆಂಡತಿ ವಾಣಿ, ಒಂದನೇ ಕ್ಲಾಸಿನಲ್ಲಿ ಓದುತ್ತಿದ್ದ ಮಗಳು. ಕಂಪನಿಯ ವೀಸಾ ಮೇಲೆ ಇದ್ದ. ಗ್ರೀನ್ ಕಾರ್ಡಿಗೆ ಅರ್ಜಿ ಹೋಗಿ ನಿಂತಿತ್ತು. ಕೆಲಸ ಹೋದರೆ ಮನೆ, ಸ್ಕೂಲು, ಅರ್ಜಿ ಎಲ್ಲ ಬಿಟ್ಟು ಗಂಟು ಕಟ್ಟಬೇಕು. ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುತ್ತಲೇ ಕೊನೆಗೆ ದನಿ ತಗ್ಗಿಸಿ "ಓಕೆ ಆಂಟಿ" ಎನ್ನುತ್ತಿದ್ದ.

ಒಂದು ಸಂಜೆ ಅವನು ಫೋನನ್ನು ಬಸ್ಸಿನಲ್ಲಿ ಬಿಟ್ಟ. ಬಸ್ಸು ಇನ್ನೂ ಸೇತುವೆ ದಾಟಿರಲಿಲ್ಲ, ಅಷ್ಟರಲ್ಲೇ ನನಗೆ ಕರೆ ಮಾಡಿದ.

"ಆಂಟಿ, ನನ್ನ ಫೋನ್ ಬಸ್ಸಲ್ಲಿ ಹೋಯ್ತು. ತಪ್ಪು ನಂದೇ. ಅಳಿಸಿಬಿಡಿ."

ನನ್ನ ಅಷ್ಟು ವರ್ಷದ ಕೆಲಸದಲ್ಲಿ ಹಾಗೆ ನೇರವಾಗಿ ಹೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಅಳಿಸಿದೆ, ಭೇಷ್ ಎಂದೆ. ಭೇಷ್ ಎಂದ ಬಾಯಲ್ಲೇ ಅವನ ಹೆಸರಿಗೆ ಒಂದು ಸ್ಟ್ರೈಕ್, ಅಂದರೆ ತಪ್ಪಿನ ಗುರುತು, ಹಾಕಿದೆ. ಆಗಷ್ಟೇ ಬಂದಿದ್ದ ಪಾಲಿಸಿ ಹಾಗಿತ್ತು. ಸರ್ವರ್‌ಗಳ ಬೀಗದ ಕೈ ಇರುವ ಫೋನು ಎರಡು ಸಲ ಕೈತಪ್ಪಿದರೆ ಕೆಲಸದಿಂದ ತೆಗೆಯಬಹುದು. ಆ ಪಾಲಿಸಿಯನ್ನು ಬರೆದವಳು ನಾನೇ. ಮುಚ್ಚಿಟ್ಟವರು ಪಾರಾಗುತ್ತಿದ್ದರು, ಹೇಳಿದವರು ಸಿಕ್ಕಿಬೀಳುತ್ತಿದ್ದರು. ಅದು ಹಾಗಿದೆ ಎಂದು ನನಗೆ ಅಂದು ಹೊಳೆಯಲೂ ಇಲ್ಲ.

ಆ ವರ್ಷ ಆಯುಧಪೂಜೆ ನಮ್ಮ ಮನೆಯಲ್ಲಿ. ಹಬ್ಬ ವಾರದ ಮಧ್ಯೆ ಬಂದರೆ ಶನಿವಾರಕ್ಕೆ ತಳ್ಳುವುದು ಅಲ್ಲಿನ ಪಂಚಾಂಗ. ಊರಿನಲ್ಲಿ ಸ್ಕೂಟರು, ಹೊಲಿಗೆ ಮಷೀನು, ಈಳಿಗೆಮಣೆಗೆ ಪೂಜೆ. ನಮ್ಮ ಆಯುಧ ಅಂದರೆ ಲ್ಯಾಪ್‌ಟಾಪು, ಫೋನು. ಬೂದುಗುಂಬಳ ಸಿಗದೆ ಹ್ಯಾಲೋವೀನ್‌ಗೆ ಬಂದ ಕಿತ್ತಳೆ ಬಣ್ಣದ ಕುಂಬಳವನ್ನೇ ಕಾರಿನ ಮುಂದೆ ಒಡೆಯುತ್ತಿದ್ದೆವು. ಬಂದವರಲ್ಲಿ ಮುಕ್ಕಾಲು ಪಾಲು ನಮ್ಮ ಕಂಪನಿಯವರೇ. ಒಬ್ಬರು ಸೇರಿದರೆ ಇನ್ನೊಬ್ಬರನ್ನು ರೆಫರ್ ಮಾಡುವುದು, ಹಾಗೇ ಬೆಳೆದ ಬಳಗ.

ಪೂಜೆ ಶುರುವಾಗುವ ಮುನ್ನ ಅಮ್ಮ ಕೊಟ್ಟ ಹಿತ್ತಾಳೆ ಹರಿವಾಣ ಹಿಡಿದು ಹಾಲ್‌ನಲ್ಲಿ ಒಂದು ಸುತ್ತು ಬಂದೆ.

"ಎಲ್ಲರೂ ಫೋನ್ ಇದ್ರಲ್ಲಿ ಇಡ್ರಪ್ಪ. ಮಂತ್ರದ ಮಧ್ಯೆ ಕುಂಯ್ ಕುಂಯ್ ಅಂದ್ರೆ ತಾಯಿ ಎದ್ದು ಹೋಗ್ತಾಳೆ."

ಪ್ರಕಾಶ ಎಂಬ ಇನ್ನೊಬ್ಬ ಸಹೋದ್ಯೋಗಿ ತನ್ನದನ್ನು ಹಾಕುತ್ತ, "ಸೆಕ್ಯುರಿಟಿಯವರೇ ಕೇಳಿದ್ಮೇಲೆ ಕೊಡದೆ ಇರಕ್ಕಾಗತ್ತಾ? ಇಲ್ಲ ಅಂದ್ರೆ ಇಲ್ಲಿಂದ್ಲೇ ವೈಪ್ ಮಾಡ್ಬಿಡ್ತಾರೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಶ್ರೀಧರ ಮಾತ್ರ ಜೇಬಿನ ಮೇಲೆ ಕೈಯಿಟ್ಟುಕೊಂಡಿದ್ದ. "ಆಂಟಿ, ನಾನು ಆನ್‌ಕಾಲ್ ಇದೀನಿ. ಸಿಸ್ಟಮ್ ಏನಾದ್ರೂ ಬಿದ್ರೆ ಇದಕ್ಕೇ ಮೇಲ್ ಬರೋದು. ನಂದು ಇರ್ಲಿ ಬಿಡಿ."

"ಮಂಗಳಾರತಿ ಆಗೋವರೆಗೂ ಕಣೋ. ಅನ್ನ ಕೊಡೋ ಫೋನ್‌ಗೇ ಪೂಜೆ ಇಲ್ಲ ಅಂದ್ರೆ ಹೇಗೆ?"

ಅವನು ಹೆಂಡತಿಯ ಮುಖ ನೋಡಿದ. ವಾಣಿ, "ಆಂಟಿ ಅಷ್ಟು ಹೇಳ್ತಿದಾರಲ್ಲ, ಇಡಿ" ಎಂದಳು. ಸೈಲೆಂಟ್ ಮಾಡಿ ಇಟ್ಟ.

ಫೋನನ್ನು ಒಂದು ಕ್ಷಣವೂ ಕಣ್ಣಿಂದ ಮರೆ ಮಾಡಬೇಡಿ ಎಂದು ಪ್ರತಿ ತಿಂಗಳು ಸ್ಲೈಡ್ ಹಾಕಿ ಪಾಠ ಮಾಡುತ್ತಿದ್ದವಳು ನಾನು. ಕಪ್ಪು ಫೋನುಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಗಂಧ ಹಚ್ಚಿ, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಇಟ್ಟಾಗ ನನಗೆ ಆ ಸ್ಲೈಡಿನ ನೆನಪೇ ಬರಲಿಲ್ಲ. ಚೆನ್ನಾಗಿ ಕಾಣುತ್ತಿದೆ ಎಂದಷ್ಟೇ ಅನ್ನಿಸಿತು.

ಆರತಿ ಮುಗಿದೊಡನೆ ಶ್ರೀಧರ ಹರಿವಾಣದ ಹತ್ತಿರ ಬಂದ. "ತಗೊಳ್ಲಾ ಆಂಟಿ?"

"ಗಂಧ ಆರಲಿ ಕಣೋ. ಊಟ ಮಾಡ್ಕೊಂಡು ತಗೋ. ಪೂಜೆಗಿಟ್ಟ ಆಯುಧಾನ ನಾಳೆವರೆಗೂ ಮುಟ್ಟಬಾರದು, ನಾನಾಗಿದ್ದಕ್ಕೆ ಇಷ್ಟಾದ್ರೂ ಬಿಡ್ತಿದೀನಿ."

ಅವನು ಪುಳಿಯೋಗರೆ ತಟ್ಟೆ ಹಿಡಿದು ಕೂತ. ನೆಮ್ಮದಿಯಿಂದ ಕೂತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನಾನು ಪಾಯಸ ಬಡಿಸುವುದರಲ್ಲಿದ್ದೆ.

ಪ್ರಕಾಶ ಅತ್ತೆ ಮಾವನನ್ನು ಏರ್‌ಪೋರ್ಟಿಗೆ ಬಿಡಬೇಕಿತ್ತು. ಎಲ್ಲರಿಗಿಂತ ಮೊದಲು ಎದ್ದು, ಹರಿವಾಣದಿಂದ ಒಂದು ಫೋನು ಎತ್ತಿ, ಬೆಲ್ಟಿಗೆ ಸಿಕ್ಕಿಸಿಕೊಂಡು ಹೊರಟ. ಅದು ಶ್ರೀಧರನ ಫೋನು. ದಾರಿಯಲ್ಲಿ ಹೆಂಡತಿ ಡ್ರೈವ್ ಮಾಡುವಾಗ ಇವನು ಪಿನ್ ಒತ್ತಿದ. ತೆರೆಯಲಿಲ್ಲ. ಕುಂಕುಮ ಗುಂಡಿಗಳ ಸಂದಿಗೆ ಹೋಗಿ ಕಚ್ಚಿಕೊಂಡಿದೆ ಎಂದುಕೊಂಡು ಮತ್ತೆ ಒತ್ತಿದ. ಉಗುರಿನಿಂದ ಕೆರೆದು ಮತ್ತೆ ಒತ್ತಿದ. ಹತ್ತನೆಯ ಸಲಕ್ಕೆ ನನ್ನ ಪಾಲಿಸಿ ತನ್ನ ಕೆಲಸ ಮಾಡಿತು. "ಹ್ಯಾಂಗ್ ಆಯ್ತು ಅನ್ಕೊಂಡೆ ಆಂಟಿ" ಎಂದು ಆಮೇಲೆ ನನಗೆ ಹೇಳಿದ.

ಶ್ರೀಧರ ಊಟ ಮುಗಿಸಿ ಉಳಿದವುಗಳಲ್ಲಿ ಒಂದನ್ನು ತೆಗೆದುಕೊಂಡು ಹೋದ. ಅದು ಪ್ರಕಾಶನದು. ಅದು ಸದ್ದು ಮಾಡಲಿಲ್ಲ, ಸೈಲೆಂಟ್‌ನಲ್ಲಿ ಇಟ್ಟವನು ತಾನೇ ಎಂದು ಅವನೂ ಅನುಮಾನಪಟ್ಟು ತೆರೆದು ನೋಡಲಿಲ್ಲ.

ಆ ಹೊತ್ತಿನಲ್ಲೇ ಲಾರಿಗಳ ಸಿಸ್ಟಮ್ ಬಿತ್ತು. ಮೇಲಿಂದ ಮೇಲೆ ಮೇಲ್ ಹೋದವು, ಎಲ್ಲವೂ ಅಳಿಸಿಹೋದ ಫೋನಿಗೆ. ಪೋರ್ಟ್‌ಲ್ಯಾಂಡ್‌ನಿಂದ ಸ್ಪೋಕೇನ್‌ವರೆಗೆ ಲಾರಿಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೋದಾಮುಗಳ ಮುಂದೆ ಸಾಲುಗಟ್ಟಿ ನಿಂತವು. ಮೀನು, ಹಾಲು ಕೆಟ್ಟವು. ಕೊನೆಗೆ ಯಾರೋ ಶ್ರೀಧರನ ಮನೆಯ ಲ್ಯಾಂಡ್‌ಲೈನ್ ನಂಬರ್ ಹುಡುಕಿ ಕರೆದ ಮೇಲೆಯೇ ಅವನಿಗೆ ಗೊತ್ತಾದದ್ದು.

ಸೋಮವಾರ ಮೀಟಿಂಗ್. ಡಯೇನ್, ಎಚ್‌ಆರ್‌ನ ಒಬ್ಬರು, ಶ್ರೀಧರ, ಪಾಲಿಸಿಯ ಜವಾಬ್ದಾರಿ ಹೊತ್ತವಳಾಗಿ ನಾನು. ಮೇಜಿನ ಮಧ್ಯೆ ಆ ಫೋನು.

"ಫೋನು ನಿನ್ನ ಬಳಿ ಏಕಿರಲಿಲ್ಲ?" ಎಂದು ಡಯೇನ್ ಕೇಳಿದಳು. ಕಡ್ಡಿಗಳು ಆಡುತ್ತಲೇ ಇದ್ದವು.

ಶ್ರೀಧರ ನನ್ನತ್ತ ಒಮ್ಮೆ ನೋಡಿದ. "ಸ್ನೇಹಿತರ ಮನೆಯಲ್ಲಿ ಒಂದು ಫ್ಯಾಮಿಲಿ ಫಂಕ್ಷನ್ ಇತ್ತು. ಅಲ್ಲಿ ಕೆಳಗೆ ಇಟ್ಟಿದ್ದೆ. ಬದಲಾಯಿತು."

ಯಾವ ಸ್ನೇಹಿತರು ಎಂದು ಅವನು ಹೇಳಲಿಲ್ಲ. ಹೇಳುವುದನ್ನು ನನಗೆ ಬಿಟ್ಟಿದ್ದ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಪಾಲಿಸಿಯಲ್ಲಿ ನಾನೇ ಸೇರಿಸಿದ್ದ ಒಂದು ವಾಕ್ಯವಿತ್ತು: ಸೆಕ್ಯುರಿಟಿಯವರು ಕೇಳಿದಾಗ ಅವರಿಗೆ ಒಪ್ಪಿಸಿದ ಫೋನು, ಕೈತಪ್ಪಿದ ಫೋನಲ್ಲ. ಆಮೇಲಿನ ಜವಾಬ್ದಾರಿ ತೆಗೆದುಕೊಂಡವರದು. "ಅವನಿಂದ ಕೇಳಿ ತೆಗೆದುಕೊಂಡವಳು ನಾನು, ನನ್ನ ಮನೆಯಲ್ಲಿ" ಎಂದಿದ್ದರೆ ಅವನ ಎರಡನೆಯ ಸ್ಟ್ರೈಕ್ ಅಲ್ಲೇ ರದ್ದಾಗುತ್ತಿತ್ತು. ಅದು ನನಗೆ ಆ ಕುರ್ಚಿಯಲ್ಲಿ ಕೂತಾಗಲೇ ಗೊತ್ತಿತ್ತು. ಬಾಯಿ ತೆರೆಯಲು ಹೊರಟೂ ಇದ್ದೆ.

ಅಷ್ಟರಲ್ಲಿ ಡಯೇನ್ ಫೋನನ್ನು ನನ್ನ ಕಡೆ ತಳ್ಳಿದಳು. "ಗುಂಡಿಗಳ ಮಧ್ಯೆ ಏನೋ ಕೆಂಪಗೆ ಪುಡಿ ಇದೆ. ಇದೇನು, ಫೋನೇ ಕೆಟ್ಟಿತ್ತೇ?"

ಎಚ್‌ಆರ್‌ನವರು ಬಗ್ಗಿ ನೋಡಿದರು. ಆ ಬಿಳಿ ಮೇಜು, ಆ ಗಾಜಿನ ಗೋಡೆ, ಅದರಾಚೆ ಕ್ರೇನುಗಳು ಎತ್ತುತ್ತಿದ್ದ ಹೊಸ ಕಟ್ಟಡಗಳು. ಅವುಗಳ ನಡುವೆ ಆ ಕುಂಕುಮ ಬಹಳ ಕೆಂಪಗಿತ್ತು. ನಾನು ಹರಿವಾಣ, ಸೇವಂತಿಗೆ, ಕುಂಬಳಕಾಯಿ ಎಲ್ಲವನ್ನೂ ಅವರ ಕಣ್ಣಿನಿಂದ ನೋಡಿದೆ. ಅವರ ಕಣ್ಣಿನಿಂದ ಎಂದುಕೊಂಡೆ.

"ಓ, ದಟ್" ಎಂದೆ. "ಜಸ್ಟ್ ಸಮ್ ಸ್ಪೈಸ್. ಫ್ರಮ್ ದ ಕಿಚನ್."

ನನ್ನ ಉಚ್ಚಾರ ಚೆನ್ನಾಗಿತ್ತು. ಶ್ರೀಧರ ತಲೆ ಎತ್ತಿ ನನ್ನನ್ನು ನೋಡಿದ, ಆಮೇಲೆ ಮೇಜನ್ನು ನೋಡತೊಡಗಿದ. ಮಸಾಲೆ ಎಂದ ಮೇಲೆ ಪೂಜೆ ಎನ್ನಲು ದಾರಿಯಿಲ್ಲ, ಪೂಜೆ ಎನ್ನದೆ ಹರಿವಾಣ ಹಿಡಿದವಳು ನಾನು ಎನ್ನಲು ದಾರಿಯಿಲ್ಲ. ಒಂದು ಮಾತಿಗೆ ಮೀಟಿಂಗ್ ಮುಗಿದೇ ಹೋಯಿತು. ಮರುದಿನ ಮಧ್ಯಾಹ್ನ ತೀರ್ಮಾನ ಹೇಳುತ್ತೇವೆ ಎಂದರು ಎಚ್‌ಆರ್‌ನವರು. ಅವರ ದನಿಯಲ್ಲಿ ತೀರ್ಮಾನ ಆಗಲೇ ಇತ್ತು.

ಮೈಸೂರಿನ ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಹಣೆಗೆ ಕುಂಕುಮ ಇಡಬೇಡಿ ಎಂದು ಎಂದೂ ಹೇಳಿದವರಲ್ಲ. ಅಮ್ಮ ಇಟ್ಟು ಕಳಿಸಿದ್ದನ್ನು ನಾನೇ ಗೇಟಿನ ಬಳಿ ಕರ್ಚೀಫಿನಿಂದ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ. ಸಂಜೆ ಬೀದಿ ಕೊನೆಯಲ್ಲಿ ಗೆಳತಿಯ ಡಬ್ಬಿಯಿಂದ ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಒಂದು ದಿನ ಸಿಸ್ಟರ್ ಆಗ್ನೆಸ್ ಗೇಟಿನ ಬಳಿ ನಿಂತು ನೋಡಿದರು. "ಹೂ ಟೋಲ್ಡ್ ಯು ಟು ಡು ದಟ್, ಚೈಲ್ಡ್?" ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಆ ಸೋಮವಾರವೂ ಯಾರೂ ಹೇಳಿರಲಿಲ್ಲ.

ಸಂಜೆ ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಫ್ರಿಜ್‌ನಲ್ಲಿ ಉಳಿದಿದ್ದ ಪುಳಿಯೋಗರೆ ಬಿಸಿ ಮಾಡಿಕೊಂಡು ತಿನ್ನುತ್ತಿದ್ದರು.

"ಏನಂದೆ?"

"ಮಸಾಲೆ ಅಂದೆ."

"ಎಂಟಿಆರ್‌ದೋ, ಮನೇಲೇ ಕುಟ್ಟಿದ್ದೋ ಅಂತ ಕೇಳಲಿಲ್ವಾ?"

"ನಗಬೇಡಿ."

"ನಗ್ತಿಲ್ಲ." ತಟ್ಟೆ ಕೆಳಗಿಟ್ಟರು. "ಬೇಡ ಬೇಡ ಅಂದ್ರೂ ಆ ಹುಡುಗನ ಹತ್ರ ಕಿತ್ಕೊಂಡೋಳು ನೀನು. ನಾನೇ ಪಕ್ಕದಲ್ಲಿದ್ದೆ. ಅವನ ಮನೆ ಖಾಲಿ ಮಾಡಿಸಿ ಮುಂದಿನ ವರ್ಷ ಯಾವ ಮುಖ ಇಟ್ಕೊಂಡು ಆರತಿ ಎತ್ತುತ್ತೀಯಾ?"

ಉತ್ತರ ಕೊಡುವ ಮೊದಲೇ ಫೋನು ಬಂತು. ವಾಣಿ.

"ಆಂಟಿ, ಊಟ ಆಯ್ತಾ? ಇವರು ಆಫೀಸಿಂದ ಬಂದಾಗಿಂದ ಮಾತೇ ಆಡ್ತಿಲ್ಲ. ಕೆಲಸಕ್ಕೇನೂ ತೊಂದರೆ ಆಗಲ್ಲ ಅಲ್ವಾ? ಆ ಡಿಪಾರ್ಟ್‌ಮೆಂಟ್‌ನಲ್ಲಿ ನೀವೇ ಇರೋದು, ನೀವು ಹೇಳಿರ್ತೀರ ಅಂತ ನಾನೇ ಇವರಿಗೆ ಸಮಾಧಾನ ಮಾಡ್ತಿದೀನಿ."

ಹಾಗಾದರೆ ಅವನು ಅವಳಿಗೆ ಹೇಳಿರಲಿಲ್ಲ. ನನ್ನ ಮಸಾಲೆಯ ಮಾತನ್ನು ಹೆಂಡತಿಯ ಕಿವಿಗೂ ಹಾಕಿರಲಿಲ್ಲ.

"ನಾಳೆ ಹೇಳ್ತೀನಿ ವಾಣಿ" ಎಂದೆ.

"ನಾಳೆನಾ?" ಎಂದಳು. "ಇವತ್ತು ಮೀಟಿಂಗ್ ಇತ್ತಲ್ಲ ಆಂಟಿ?"

ಇತ್ತು ಎಂದು ಹೇಳಿ ಫೋನ್ ಇಟ್ಟೆ.

ಮಂಗಳವಾರ ಬೆಳಿಗ್ಗೆ ಡಯೇನ್ ಇನ್ನೂ ಕೋಟು ಬಿಚ್ಚಿರಲಿಲ್ಲ, ನಾನು ಅವಳ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕೆಲಸದ ಸಾಮಾನುಗಳಿಗೆ ಪೂಜೆ ಮಾಡುತ್ತೇವೆ, ಅದು ನನ್ನ ಮನೆ, ತಟ್ಟೆ ಹಿಡಿದವಳು ನಾನು, ಆನ್‌ಕಾಲ್ ಇದ್ದೇನೆ ಎಂದು ಅವನು ಹೇಳಿದರೂ ಇಡು ಎಂದವಳು ನಾನು, ವಾಪಸ್ ಕೇಳಿದಾಗ ಊಟ ಆಗಲಿ ಎಂದವಳೂ ನಾನು, ಆ ಕೆಂಪು ಮಸಾಲೆಯಲ್ಲ. ಹೇಳುವಾಗ ನನ್ನ ಒಳ್ಳೆಯ ಇಂಗ್ಲಿಷ್ ಎರಡು ಮೂರು ಕಡೆ ಕೈಕೊಟ್ಟಿತು.

ಡಯೇನ್ ಹೆಣಿಗೆ ತೆಗೆಯಲೇ ಇಲ್ಲ.

"ನನ್ನ ತಂದೆ ಮೀನುಗಾರ" ಎಂದಳು. "ಪ್ರತಿ ವರ್ಷ ದೋಣಿಗಳು ಅಲಾಸ್ಕಾ ಕಡೆ ಹೊರಡುವ ಮೊದಲು ಪಾದ್ರಿ ದಡಕ್ಕೆ ಬಂದು ನೀರು ಚಿಮುಕಿಸಿ ಹರಸುತ್ತಿದ್ದರು. ಮನೆಮಂದಿಯೆಲ್ಲ ಹೋಗಿ ನಿಲ್ಲುತ್ತಿದ್ದೆವು. ಅದು ಸಮುದ್ರದ ನೀರು ಸಿಡಿದದ್ದು ಎಂದು ನಾವು ಯಾರಿಗೂ ಹೇಳಿದ್ದಿಲ್ಲ."

ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ನೀನು ಇದನ್ನು ನಿನ್ನೆ ಹೇಳಿದ್ದರೆ ನಿನ್ನೆಯೇ ಮುಗಿಯುತ್ತಿತ್ತು. ಆ ಹುಡುಗ ಒಂದು ರಾತ್ರಿ ನಿದ್ದೆಗೆಟ್ಟದ್ದು ತಪ್ಪುತ್ತಿತ್ತು." ಆಮೇಲೆ ಎಂದಿನ ಪ್ರಶ್ನೆ ಬಂತು. "ಇದರಿಂದ ನಾವು ಏನನ್ನು ಬದಲಾಯಿಸಬೇಕು?"

ಮೊದಲ ಬಾರಿಗೆ ನನ್ನಲ್ಲಿ ಉತ್ತರ ತಯಾರಿತ್ತು. ತಾನಾಗಿ ಬಂದು ಹೇಳಿದವರಿಗೆ ಸ್ಟ್ರೈಕ್ ಹಾಕಬಾರದು ಎಂದೆ. ಆ ವಾಕ್ಯ ಪಾಲಿಸಿಗೆ ಸೇರಿತು, ಅದರ ಪ್ರಕಾರ ಶ್ರೀಧರನ ಬಸ್ಸಿನ ಸ್ಟ್ರೈಕೂ ಹೋಯಿತು. ಅಂದು ಮಧ್ಯಾಹ್ನ ಎಚ್‌ಆರ್‌ನವರು ಅವನನ್ನು ಕರೆದು ಏನೂ ತೊಂದರೆಯಿಲ್ಲ ಎಂದರು. ನನ್ನನ್ನು ಕರೆದು ಬೇರೆ ಮಾತು ಹೇಳಿದರು. ಕೆಲವು ತಿಂಗಳು ನನ್ನ ಪ್ರತಿ ಆದೇಶಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕಾಯಿತು, ನನ್ನ ಮಗನ ವಯಸ್ಸಿನವನೊಬ್ಬನ ಒಪ್ಪಿಗೆ. ಅದು ನ್ಯಾಯವೇ. ಅದರಿಂದ ನಾಚಿಕೆ ಕಡಿಮೆಯೇನೂ ಆಗಲಿಲ್ಲ.

ಇಂದು ಈ ಕೆಲಸಕ್ಕೆ ಬರುವವರಿಗೆ ಇದೆಲ್ಲ ಹಳೆಯ ಪುರಾಣ. ಈಗ ಫೋನು ಬೆರಳು ನೋಡುತ್ತದೆ, ಮುಖ ನೋಡುತ್ತದೆ, ಬೇರೆಯವರ ಕೈಗೆ ಹೋದರೆ ತಾನೇ ಹೇಳುತ್ತದೆ. ಸ್ವಂತ ಫೋನಿನಲ್ಲೇ ಕಂಪನಿಯ ಪಾಲನ್ನು ಬೇರೆ ಗೋಡೆ ಹಾಕಿ ಇಡುತ್ತಾರೆ, ಆ ಪಾಲನ್ನಷ್ಟೇ ಅಳಿಸುತ್ತಾರೆ. ನಮ್ಮ ಕಾಲದಲ್ಲಿ ಅಳಿಸಿದರೆ ಎಲ್ಲವೂ ಹೋಗುತ್ತಿತ್ತು. ಪಲ್ಲವಿ ಇದನ್ನು ಕೇಳಿ "ಕ್ರೂರ" ಎಂದಳು. ಹೌದು. ಆದರೂ ಅವಳ ಹಸಿರು ಚುಕ್ಕೆಗಳ ಹಿಂದೆ ಒಬ್ಬೊಬ್ಬ ಮನುಷ್ಯ ಕೂತಿದ್ದಾನೆ, ನಿಜ ಹೇಳಲೋ ಬೇಡವೋ ಎಂದು ಲೆಕ್ಕ ಹಾಕುತ್ತ. ಆ ಲೆಕ್ಕದಲ್ಲಿ ನಿಜ ಅಗ್ಗವಾಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಉಳಿದದ್ದನ್ನು ಮಷೀನು ಮಾಡುತ್ತದೆ.

ಶ್ರೀಧರ ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಫ್ರೀಮಾಂಟ್‌ನಲ್ಲಿ ಒಂದು ಒಳ್ಳೆಯ ಕಡೆ ಕೆಲಸ ಸಿಕ್ಕಿತು, ವೀಸಾ, ಅರ್ಜಿ ಎಲ್ಲವನ್ನೂ ಅವರೇ ಮುಂದುವರಿಸಿದರು. ಬಿಟ್ಟು ಹೋಗುವವರು ಫೋನನ್ನು ನನ್ನ ಡೆಸ್ಕಿಗೆ ಒಪ್ಪಿಸಬೇಕು. ಕೊನೆಯ ದಿನ ಬಂದ. ಫೋನು ಕೊಟ್ಟ. ನಾನು ಅವನೆದುರೇ ಅಳಿಸಬೇಕು, ಅದು ಕ್ರಮ. ಎಷ್ಟು ಅಳಿಸಿತೆಂದು ತೋರಿಸುವ ಪಟ್ಟಿ ನಿಧಾನಕ್ಕೆ ತುಂಬುತ್ತ ಹೋಗುವಾಗ ಇಬ್ಬರೂ ಸ್ಕ್ರೀನ್ ನೋಡುತ್ತ ಕೂತೆವು.

"ಆಂಟಿ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಪ್ಪ."

"ನೀವು ಮಂಗಳವಾರ ಹೇಳಿದ್ರಿ, ಸರಿ. ಸೋಮವಾರ ಯಾಕೆ ಹೇಳಲಿಲ್ಲ ಅಂತ ವಾಣಿ ಈಗಲೂ ಕೇಳ್ತಾಳೆ. ಕೆಲಸ ಹೋಗತ್ತೆ ಅಂತ ಹೆದರಿಕೊಂಡಿರ್ತಾರೆ ಅಂತ ನಾನೇ ಹೇಳಿ ಸುಮ್ಮನಾಗಿಸಿದೀನಿ. ಹೌದಲ್ವಾ?"

ಹೌದು ಎಂದುಬಿಡಬಹುದಿತ್ತು. ಹೆದರಿದೆ ಎಂದರೆ ಯಾರಾದರೂ ಕ್ಷಮಿಸುತ್ತಾರೆ. ಅವನು ಅದನ್ನು ನನ್ನ ಕೈಗೇ ಇಟ್ಟಿದ್ದ.

"ಇಲ್ಲ ಕಣೋ. ಕೆಲಸದ ಹೆದರಿಕೆ ಇರಲಿಲ್ಲ. ನಾಚಿಕೆ ಆಯ್ತು."

"ಫೋನ್ ಎಲ್ಲಾ ಒಟ್ಟಿಗೆ ಇಟ್ಟಿದ್ದಕ್ಕಾ?"

"ಅಲ್ಲ. ಕುಂಕುಮಕ್ಕೆ."

ಫೋನು ಖಾಲಿಯಾಗಿ, ಯಾವ ಭಾಷೆ ಬೇಕೆಂದು ಕೇಳುತ್ತ ಕೂತಿತು. ಅವನು ಕೊರಳಿನಿಂದ ಬ್ಯಾಡ್ಜ್ ತೆಗೆದು ನನ್ನ ಮೇಜಿನ ಮೇಲಿಟ್ಟು ಎದ್ದ.

"ಅದನ್ನ ವಾಣಿಗೆ ಹೇಳಲ್ಲ ಬಿಡಿ ಆಂಟಿ" ಎಂದ.